ಕೈಸೇರದ ಬಡ್ಡಿ, ಮುಂಗಡ ಬಾಡಿಗೆ ಮತ್ತು ಸಂಘದ ಲಾಭ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ ಬಂತೆಂದರೆ ಸಹಕಾರ ಸಂಘಗಳ ಸರ್ವ ಸದಸ್ಯರ ಸಭೆಗಳು ಸಾಲುಗಟ್ಟುತ್ತವೆ. ವಾರ್ಷಿಕ ವರದಿ ಕೈಗೆ ಬಂದೊಡನೆ ಡಿವಿಡೆಂಡ್ ಶೇಕಡಾ ಎಷ್ಟೆಂದು ಹುಡುಕುವ ನಾವು, ಆ ಲಾಭ ಹುಟ್ಟಿದ್ದು ಹೇಗೆಂದು ತೋರಿಸುವ ಅಢಾವೆ ಪತ್ರಿಕೆಯ (ಆಸ್ತಿ-ಜವಾಬ್ದಾರಿಗಳ ಪಟ್ಟಿಯ) ಎರಡು ಬಾಬುಗಳನ್ನು, ಅಂದರೆ ‘ಬರತಕ್ಕ ಬಡ್ಡಿ’ (ಗಳಿಸಿದರೂ ಇನ್ನೂ ಕೈಸೇರದ ಬಡ್ಡಿ) ಮತ್ತು ‘ಮುಂಗಡವಾಗಿ ಬಂದ ಆದಾಯ’ವನ್ನು, ನೋಡುವುದೇ ಅಪರೂಪ.

ನಾನು ಸದಸ್ಯನಾಗಿರುವ ಪತ್ತಿನ ಸಂಘವೊಂದು ತನ್ನ ಮಳಿಗೆಯನ್ನು ತಿಂಗಳಿಗೆ 10,000 ರೂಪಾಯಿಯಂತೆ ಬಾಡಿಗೆಗೆ ಕೊಟ್ಟು, ಜನವರಿ 1ರಂದೇ ಇಡೀ ವರ್ಷದ 1,20,000 ರೂಪಾಯಿ ಪಡೆದಿತ್ತು. ಮಾರ್ಚ್ 31ಕ್ಕೆ ಸಂದದ್ದು ಮೂರೇ ತಿಂಗಳ 30,000 ರೂಪಾಯಿ. ಉಳಿದ 90,000, ಮಳಿಗೆಯವರಿಗೆ ಇನ್ನೂ ಒಂಬತ್ತು ತಿಂಗಳು ಜಾಗ ಬಿಟ್ಟುಕೊಡಬೇಕಾದ ಋಣವಾದ್ದರಿಂದ, ಬಾಡಿಗೆ ಖಾತೆಗೆ ಡೆಬಿಟ್ ಆಗಿ ಜವಾಬ್ದಾರಿಯ ಕಡೆಗೆ ಹೋಗಬೇಕಿತ್ತು. ವರದಿಯಲ್ಲಿ ಪೂರ್ತಿ ಮೊತ್ತ ಆ ವರ್ಷದ ಆದಾಯವೆಂದೇ ಅಚ್ಚಾಗಿತ್ತು. ಕೇಳಿದರೆ, ‘ದುಡ್ಡು ಬ್ಯಾಂಕಿಗೆ ಜಮೆ ಆಗಿದೆಯಲ್ಲ ಸಾರ್’ ಎಂಬ ಉತ್ತರ ಬಂತು. ಮರಳಿಸಬೇಕಾದ ‘ಅಡ್ವಾನ್ಸ್’ ಹಣವನ್ನೂ ಇದರ ಜೊತೆ ಸೇರಿಸದಿದ್ದುದು ಪುಣ್ಯ.

ಗಳಿಸಿಯೂ ಕೈಸೇರದ ಆದಾಯದ ಹೊಂದಾಣಿಕೆ ಇದಕ್ಕೆ ತಿರುವುಮುರುವು. ಅಕ್ಟೋಬರ್ 1ರಂದು 5 ಲಕ್ಷ ರೂಪಾಯಿಯನ್ನು ಶೇ 7.2ರ ಬಡ್ಡಿಗೆ ಒಂದು ವರ್ಷ ಠೇವಣಿ ಇಟ್ಟ ಸಂಘಕ್ಕೆ ಮಾರ್ಚ್ ಅಂತ್ಯಕ್ಕೆ 18,000 ರೂಪಾಯಿ ಸಲ್ಲುತ್ತದೆ; ಬರತಕ್ಕ ಬಡ್ಡಿಗೆ ಡೆಬಿಟ್, ಬಡ್ಡಿ ಆದಾಯಕ್ಕೆ ಕ್ರೆಡಿಟ್ ಮಾಡುವುದು ಸರಿಯೇ. ಮುಂದಿನ ವರ್ಷ ಹಣ ಬಂದಾಗ ಈ 18,000ವನ್ನು ಬರತಕ್ಕ ಬಡ್ಡಿ ಖಾತೆಗೇ ಜಮೆ ಮಾಡಿ ಮುರಿಯದಿದ್ದರೆ ಮಾತ್ರ, ಒಂದೇ ಬಡ್ಡಿ ಎರಡು ವರ್ಷ ಲಾಭವಾಗುತ್ತದೆ.

ಇವು ತಿದ್ದಬಹುದಾದ ತಪ್ಪುಗಳು; ಸುಸ್ತಿ ಸಾಲದ, ಅಂದರೆ ಗಡುವು ಮೀರಿ ಬಾಕಿ ಉಳಿದ ಸಾಲದ, ಬಡ್ಡಿಯ ಕಥೆ ಬೇರೆ. ಬೆಳೆ ಸಾಲದಂಥವನ್ನು ಬಿಟ್ಟರೆ, ಕಂತು ಅಥವಾ ಬಡ್ಡಿ 90 ದಿನ ಮೀರಿ ಬಾಕಿ ಉಳಿದ ಸಾಲದ ಬಡ್ಡಿಯನ್ನು ಕೈಗೆ ಬಂದ ಮೇಲಷ್ಟೇ ಆದಾಯವೆಂದು ತೋರಿಸಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕಟ್ಟಳೆ ಹಾಕಿದೆ. ವರ್ಷಗಳಿಂದ ಕಂತು ಕಟ್ಟದವರ ಸಾಲಕ್ಕೂ ಮಾರ್ಚ್ 31ರಂದು ಬಡ್ಡಿ ಲೆಕ್ಕ ಹಾಕಿ, ಅದನ್ನು ಸುಸ್ತಿ ಬಡ್ಡಿ ನಿಧಿಗೆ (ವಸೂಲಾಗದ ಬಡ್ಡಿಗೆಂದು ಬೇರೆ ಇಡುವ ಮೊತ್ತಕ್ಕೆ) ತೆಗೆದಿಡದೆ ಲಾಭಕ್ಕೆ ಸೇರಿಸಿದರೆ, ಸಂಘ ಹಂಚುವ ಡಿವಿಡೆಂಡ್ ಹೋಗುವುದು ಠೇವಣಿದಾರರ ಹಣದಿಂದಲೇ. 2009ರ ಜನವರಿ 7ರಂದು ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಬರೆದ ತಪ್ಪೊಪ್ಪಿಗೆಯ ಪತ್ರದಲ್ಲಿ, ಇಲ್ಲದ ಬ್ಯಾಂಕ್ ಶಿಲ್ಕಿನ ಜೊತೆಗೆ 376 ಕೋಟಿ ರೂಪಾಯಿಯ ಇಲ್ಲದ ಬರತಕ್ಕ ಬಡ್ಡಿಯೂ ಇತ್ತೆಂಬುದನ್ನು ಮರೆಯಬಾರದು.

ಬರತಕ್ಕ ಬಡ್ಡಿಯಲ್ಲಿ ಠೇವಣಿಯದೆಷ್ಟು, ಸದಸ್ಯರ ಸಾಲದ್ದೆಷ್ಟು, ಅದರಲ್ಲಿ ಸುಸ್ತಿಯಾದದ್ದೆಷ್ಟು ಎಂಬ ಪಟ್ಟಿಯನ್ನು ವಾರ್ಷಿಕ ವರದಿಯಲ್ಲಿ ಲಾಭ-ನಷ್ಟ ತಖ್ತೆಯ ಪಕ್ಕದಲ್ಲೇ ಮುದ್ರಿಸುವಂತೆ ಸಹಕಾರ ಇಲಾಖೆ ಎಲ್ಲ ಸಂಘಗಳಿಗೂ ಸೂಚಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಲೆಕ್ಕಿಗ, ಶಿವಮೊಗ್ಗ