ಭಾನುವಾರದ ರೇಡಿಯೋ ನೆಟ್‌ಗೆ ವೈಫೈ ಆಫ್ ಮಾಡಿ ಬನ್ನಿ

ಎಲ್ಲರಿಗೂ ನಮಸ್ಕಾರ. ನಮ್ಮ ಹ್ಯಾಮ್ (ಹವ್ಯಾಸಿ) ರೇಡಿಯೋ ಸಂದೇಶ ಜಾಲಕ್ಕೆ, ಅಂದರೆ ಎಲ್ಲರೂ ಒಂದೇ ಹೊತ್ತಿಗೆ ಸೇರಿ ಸಂದೇಶ ದಾಟಿಸುವ ನಮ್ಮ ನೆಟ್‌ಗೆ, ಇಂಟರ್ನೆಟ್ ಬೇಕಾ ಬೇಡವಾ ಅಂತ ಒಂದು ವಾರದಿಂದ ಇಲ್ಲಿ ಜಗಳ ನಡೆದಿದೆ. ನನ್ನ ಮಾತು ಇಷ್ಟೇ: ಇರಲಿ, ಆದರೆ ಅದನ್ನೇ ನಂಬಿ ಕೂರುವುದು ಬೇಡ.

ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಕರೆಂಟ್ ಹೋದ ಎರಡು ಗಂಟೆಯಲ್ಲಿ ರೂಟರ್ ಸತ್ತಿತು. ಆಮೇಲೆ ಮೊಬೈಲ್ ಸಿಗ್ನಲ್ಲೂ ಹೋಯಿತು. ಎಕೋಲಿಂಕ್ (ಇಂಟರ್ನೆಟ್ ಮೂಲಕ ಹ್ಯಾಮ್‌ಗಳು ಮಾತಾಡುವ ಆ್ಯಪ್) ಹಾಕಿಕೊಂಡಿದ್ದ ಫೋನ್ ಬರೀ ಟಾರ್ಚ್ ಆಯಿತು. ಕಾರಿನ ಹಳೇ ಬ್ಯಾಟರಿಗೆ ಸಿಕ್ಕಿಸಿದ ಎಚ್‌ಎಫ್ (ದೂರದೂರಕ್ಕೆ ತಲುಪುವ ಶಾರ್ಟ್‌ವೇವ್) ಸೆಟ್ ಮಾತ್ರ 40 ಮೀಟರ್ ಬ್ಯಾಂಡ್‌ನಲ್ಲಿ ಮಾತಾಡುತ್ತಲೇ ಇತ್ತು.

2004ರ ಡಿಸೆಂಬರ್ 26ರ ಸುನಾಮಿ ನೆನಪಿದೆ ಅಲ್ವಾ? ಪೋರ್ಟ್ ಬ್ಲೇರ್‌ನಲ್ಲಿ ಫೋನ್‌ಗಳು ಕೈಕೊಟ್ಟಾಗ, ಹ್ಯಾಮ್ ರೇಡಿಯೋ ಹವ್ಯಾಸಕ್ಕೆಂದು ಅಲ್ಲಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ತಂಡ ರೇಡಿಯೋದಲ್ಲೇ ಸುದ್ದಿ ದಾಟಿಸಿತು.

ರೇಡಿಯೋ ಮೂಲಕ ಇಮೇಲ್ ಕಳಿಸುವ ವಿನ್‌ಲಿಂಕ್ ವಿಷಯ ಸ್ವಲ್ಪ ಬೇರೆ. ನಮ್ಮೂರಿನ ಇಂಟರ್ನೆಟ್ ಬಿದ್ದರೂ, ನೂರಾರು ಕಿಲೋಮೀಟರ್ ದೂರದ ಗೇಟ್‌ವೇಗೆ (ಇಂಟರ್ನೆಟ್ ಇರುವ ರೇಡಿಯೋ ಸ್ಟೇಷನ್‌ಗೆ) ಎಚ್‌ಎಫ್‌ನಲ್ಲಿ ತಲುಪಿದರೆ ಸಾಕು, ಅಲ್ಲಿಂದ ಇಮೇಲ್ ಆಗಿ ಹೋಗುತ್ತದೆ. ಗೇಟ್‌ವೇ ಸಿಗಲಿಲ್ಲ ಅಂದರೆ ಸ್ಟೇಷನ್‌ನಿಂದ ಸ್ಟೇಷನ್‌ಗೆ ನೇರವಾಗಿಯೂ ಕಳಿಸಬಹುದು. ನಮ್ಮಲ್ಲಿ ಜಾಸ್ತಿ ಜನ ವಿನ್‌ಲಿಂಕ್‌ನಲ್ಲಿ ಟೆಲ್‌ನೆಟ್, ಅಂದರೆ ನೇರ ಇಂಟರ್ನೆಟ್‌ನಿಂದ ಕಳಿಸುವ ಆಯ್ಕೆ, ಒತ್ತಿ 'ಹೋಯ್ತು' ಅಂತಾರೆ. ಬೇಜಾರು ಮಾಡಿಕೊಳ್ಳಬೇಡಿ, ಅದರಲ್ಲಿ ರೇಡಿಯೋ ಎಲ್ಲಿದೆ?

ಅದಕ್ಕೇ ಈ ಭಾನುವಾರ ಬೆಳಿಗ್ಗೆ 8ಕ್ಕೆ ಬರೀ ರೇಡಿಯೋ, ಬರೀ ಬ್ಯಾಟರಿ. ಒಬ್ಬೊಬ್ಬರೂ 25 ಪದ ಮೀರದ ಒಂದು ಸಂದೇಶ ಪೇಪರ್ ಮೇಲೆ ಬರೆದಿಟ್ಟುಕೊಳ್ಳಿ. ನಿಧಾನಕ್ಕೆ ಓದಿ. ಬರೆದುಕೊಂಡವರು ಪದ ಎಣಿಸಿ ಹೇಳಬೇಕು, ಲೆಕ್ಕ ತಪ್ಪಿದರೆ ಮತ್ತೆ ಮೊದಲಿಂದ. ಬ್ಯಾಟರಿ ಶನಿವಾರವೇ ಚಾರ್ಜ್‌ಗೆ ಹಾಕಿ. ಬರುವವರು ಇಲ್ಲಿ ಕಾಲ್‌ಸೈನ್ (ನಿಮ್ಮ ರೇಡಿಯೋ ಗುರುತು) ಹಾಕಿ.