ಫೋಟೋದಲ್ಲಿರುವ ಪಿಸ್ತೂಲಿನ ವಿಷಯ

ರಾಲಿ, ನಾರ್ತ್ ಕ್ಯಾರೊಲಿನಾ
ಸೆಪ್ಟೆಂಬರ್ 20

ತೀರ್ಥರೂಪರಾದ ಅಪ್ಪಯ್ಯನವರಿಗೆ ಮತ್ತು ಮಾತೃಶ್ರೀ ಆಯಿಗೆ ನಿಮ್ಮ ಮಗಳ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲರೂ ಕ್ಷೇಮ. ನಿಮ್ಮ ಅಳಿಯಂದಿರ ಬೆನ್ನುನೋವು ಇಳಿದಿದೆ, ಪುಟ್ಟಿ ಶಾಲೆಗೆ ಹೋಗುತ್ತಿದ್ದಾಳೆ, ತೊಂಡೆಬಳ್ಳಿ ಈ ವರ್ಷವೂ ಎಲೆ ಬಿಟ್ಟಿತೇ ಹೊರತು ಕಾಯಿ ಬಿಡಲಿಲ್ಲ.

ಈಗ ತಮ್ಮ ನಿಮಗೆ ತೋರಿಸಿದ ಫೋಟೋದ ವಿಷಯ. ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಮಚ್ಚು, ತಲೆಗೆ ವಸ್ತ್ರ ಬಿಗಿದು ನಿಂತವಳು ನಾನೇ. ಆಯಿ ಫೋನಿನಲ್ಲಿ ಅತ್ತಳು, ಅಪ್ಪಯ್ಯ "ಪರವಾನಗಿ ಇದೆಯೇ?" ಎಂದು ಒಂದೇ ಮಾತು ಕೇಳಿ ಸುಮ್ಮನಾದರು. ಫೋನಿನಲ್ಲಿ ಉತ್ತರ ಹೇಳಹೊರಟರೆ ನನ್ನ ಎರಡನೆಯ ಮಾತಿಗೆ ಮೊದಲೇ ಆಯಿ "ಅದನ್ನು ಮಾರಿಬಿಡು" ಎನ್ನುತ್ತಾಳೆ. ಅದಕ್ಕೇ ಈ ಕಾಗದ.

ಮೊದಲು ಪರವಾನಗಿ. ಇಲ್ಲಿನ 1968ರ ಬಂದೂಕು ಕಾನೂನಿನಲ್ಲಿ 1898ರವರೆಗೆ ತಯಾರಾದ ಕೋವಿಗಳೂ, ಅವುಗಳ ಮಾದರಿಯಲ್ಲಿ ಈಗ ಮಾಡಿದ ಚಕಮಕಿ ಕೋವಿಗಳೂ ಪುರಾತನ ವಸ್ತುಗಳ ಲೆಕ್ಕಕ್ಕೆ ಸೇರುತ್ತವೆ. ಕೇಂದ್ರದ ಕಾನೂನು ಅವನ್ನು ಬಂದೂಕು ಎಂದೇ ಎಣಿಸುವುದಿಲ್ಲ. ನನ್ನ ಪಿಸ್ತೂಲೂ ಅಂಥದೇ, ಹಳೆಯ ಮಾದರಿಯಲ್ಲಿ ಈಗ ಮಾಡಿದ್ದು. ಕೆಲವು ರಾಜ್ಯಗಳಲ್ಲಿ ಬೇರೆ ನಿಯಮಗಳಿವೆ, ಅಲ್ಲಿಗೆ ಒಯ್ಯುವ ಮುನ್ನ ವಿಚಾರಿಸುತ್ತೇವೆ. ಅಜ್ಜನ ಕೇಪಿನ ಕೋವಿಯನ್ನು ಪ್ರತಿ ಚುನಾವಣೆಗೂ ಠಾಣೆಗೆ ಒಪ್ಪಿಸಿ, ಮಂಗಗಳು ತೋಟವನ್ನು ಸೂರೆ ಮಾಡಿದ ಮೇಲೆ ಬಿಡಿಸಿಕೊಂಡು ಬರುವ ನಿಮಗೆ ಇದು ಯಾವ ನ್ಯಾಯ ಎನಿಸಬಹುದು. ನನಗೂ ಹಾಗೆಯೇ ಎನಿಸುತ್ತದೆ.

ಇನ್ನು ಈ ವೇಷ ಯಾಕೆಂದು. ನಮ್ಮ ಮನೆಯಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ ಹೋದರೆ ಬೋಫರ್ಟ್ ಎಂಬ ಬಂದರು ಊರು ಸಿಗುತ್ತದೆ. ಬ್ಲ್ಯಾಕ್‌ಬಿಯರ್ಡ್ ಎಂದು ಹೆಸರಾದ ಕಡಲ್ಗಳ್ಳ ಎಡ್ವರ್ಡ್ ಟೀಚ್ ತನ್ನ 'ಕ್ವೀನ್ ಆನ್ಸ್ ರಿವೆಂಜ್' ಹಡಗನ್ನು 1718ರಲ್ಲಿ ಅಲ್ಲಿಯ ಅಳಿವೆಯ ಮರಳುದಿಬ್ಬಕ್ಕೆ ಏರಿಸಿ ಕಳೆದುಕೊಂಡ. ಅದೇ ವರ್ಷ ನವೆಂಬರ್ 22ರಂದು ಓಕ್ರಕೋಕ್ ದ್ವೀಪದ ಬಳಿ ಲೆಫ್ಟಿನೆಂಟ್ ಮೇನಾರ್ಡನ ತಂಡ ಅವನನ್ನು ಕೊಂದು, ತಲೆಯನ್ನು ಹಡಗಿನ ಮೂತಿಯಿಂದ ಮುಂದಕ್ಕೆ ಚಾಚಿದ ಕಂಬಕ್ಕೆ ತೂಗುಹಾಕಿ ವರ್ಜೀನಿಯಾಕ್ಕೆ ಒಯ್ದಿತು. ಮುಳುಗಿದ ಹಡಗಿನ ಅವಶೇಷ 1996ರಲ್ಲಿ ಸಿಕ್ಕಿತು. ತೋಪುಗಳು, ಸೀಸದ ಚರೆ, ಚಿನ್ನದ ನೀರು ಕುಡಿಸಿದ ಕತ್ತಿಹಿಡಿಯ ಚೂರುಗಳು ಎಲ್ಲ ಅದರಿಂದ ಬಂದವು. ಬೋಫರ್ಟ್‌ನ ವಸ್ತುಸಂಗ್ರಹಾಲಯದಲ್ಲಿ ಗಾಜಿಗೆ ಮೂಗು ತಗುಲಿಸಿ ನಿಂತರೆ ನಿಮ್ಮ ಅಳಿಯಂದಿರು ಬಂದು ಎಳೆದುಕೊಂಡು ಹೋಗಬೇಕು.

ಈ ಕರಾವಳಿಯ ಊರುಗಳಲ್ಲಿ ಬೇಸಿಗೆಯ ಹೊತ್ತಿಗೆ ಆ ಕಾಲದ ಉಡುಪು ತೊಟ್ಟು ಜನರಿಗೆ ಅಂದಿನ ಬದುಕನ್ನು ತೋರಿಸುವ ತಂಡಗಳಿವೆ. ನಾನು ಅಂಥದೊಂದರಲ್ಲಿದ್ದೇನೆ. ಅಪ್ಪಯ್ಯ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದು, ಬೆಳಗ್ಗೆ ಚಹದ ಹೊತ್ತಿಗೆ ವೇಷದ ಮುಂಡಾಸಿನಲ್ಲಿ ಹುಳುಕು ತೆಗೆಯುವ ಹಾಗೆಯೇ ಇಲ್ಲಿಯೂ ಕೋಟಿನ ಗುಂಡಿ, ಚಪ್ಪಲಿಯ ಹೊಲಿಗೆ, ಪಿಸ್ತೂಲಿನ ತಿರುಪು ಯಾವುದನ್ನೂ ಬಿಡದೆ ತಪ್ಪು ಹುಡುಕುವವರಿದ್ದಾರೆ. ಪ್ಲಾಸ್ಟಿಕ್ ತಲೆಬುರುಡೆ ನೇತುಹಾಕಿಕೊಂಡು ಬರುವವರೂ ಇದ್ದಾರೆ. ಅವರೊಂದಿಗೆ ನಗುತ್ತ ಮಾತಾಡುತ್ತೇವೆ, ಪಕ್ಕದಲ್ಲಿ ಗುಡಾರ ಮಾತ್ರ ಹಾಕುವುದಿಲ್ಲ.

ನನ್ನ ವೇಷಕ್ಕೆ ಆಧಾರ ಒಂದು ಸಾಕ್ಷಿಯ ಹೇಳಿಕೆ. 1720ರ ನವೆಂಬರಿನಲ್ಲಿ ಜಮೈಕಾದಲ್ಲಿ ಮೇರಿ ರೀಡ್ ಮತ್ತು ಆ್ಯನ್ ಬಾನಿ ಎಂಬ ಇಬ್ಬರು ಹೆಂಗಸರ ವಿಚಾರಣೆ ನಡೆಯಿತು. ಅವರ ಗುಂಪಿನಿಂದ ತನ್ನ ದೋಣಿಯನ್ನು ದೋಚಿಸಿಕೊಂಡ ಡಾರೊಥಿ ಥಾಮಸ್ ಎಂಬಾಕೆ ನ್ಯಾಯಾಲಯದಲ್ಲಿ ಹೇಳಿದಳು: ಇಬ್ಬರೂ ಗಂಡಸರ ಅಂಗಿ, ಉದ್ದನೆಯ ಷರಾಯಿ ತೊಟ್ಟು ತಲೆಗೆ ಕರವಸ್ತ್ರ ಕಟ್ಟಿದ್ದರು, ಇಬ್ಬರ ಕೈಯಲ್ಲೂ ಮಚ್ಚು ಮತ್ತು ಪಿಸ್ತೂಲು ಇದ್ದವು. ನೋಡಿ, ಕಥೆಗಳಲ್ಲಿ ಬರುವ ಥಳಥಳಿಸುವ ಖಡ್ಗ ಅಲ್ಲಿಲ್ಲ. ಬೆತ್ತ, ಕಬ್ಬು ಸವರುವ ಮಚ್ಚು. ಅದಕ್ಕೇ ನನ್ನ ಕೈಯಲ್ಲೂ ಮಚ್ಚೇ ಇದೆ. ಉಳಿದವರು ಹಿಡಿಯುವ ಕಟ್ಲಾಸ್ ಎಂಬುದೂ ಹೆಚ್ಚೇನೂ ಬೇರೆಯಲ್ಲ: ಗಿಡ್ಡ, ಅಗಲ, ಒಂದೇ ಬಾಯಿ, ತುಸು ಬಾಗು. ಹಗ್ಗ, ಹಾಯಿ, ಕಂಬಗಳ ನಡುವೆ ಉದ್ದನೆಯ ಕತ್ತಿಯನ್ನು ಬೀಸಲು ಜಾಗವೆಲ್ಲಿ?

ಪಿಸ್ತೂಲಿನ ಕೆಲಸ ಅಪ್ಪಯ್ಯನಿಗೆ ಬೇಗ ಅರ್ಥವಾಗುತ್ತದೆ. ಅಜ್ಜನ ಕೋವಿಯಲ್ಲಿ ಕುದುರೆ, ಅಂದರೆ ಹೊಡೆಯುವ ಸುತ್ತಿಗೆ, ಬಂದು ಪೆಟ್ಟಿಗೆ ಸಿಡಿಯುವ ಪುಟ್ಟ ಕೇಪಿನ ಮೇಲೆ ಬೀಳುತ್ತದಲ್ಲ, ಇದರಲ್ಲಿ ಕೇಪು ಇಲ್ಲ. ಕುದುರೆಯ ಬಾಯಲ್ಲಿ ಚರ್ಮದ ತುಂಡಿನಲ್ಲಿ ಸುತ್ತಿ ಬಿಗಿದ ಚಕಮಕಿ ಕಲ್ಲು, ಎದುರಿಗೆ ನಿಂತ ಒಂದು ಉಕ್ಕಿನ ಪಟ್ಟಿ. ಆ ಪಟ್ಟಿಯ ಬುಡವೇ ರಂಜಕದ, ಅಂದರೆ ಮೊದಲು ಕಿಡಿ ಹಿಡಿಯುವ ಚಿಟಿಕೆ ಮದ್ದಿನ, ಬಟ್ಟಲಿಗೆ ಮುಚ್ಚಳ. ಬೆರಳಿನಿಂದ ಕೀಲು ಎಳೆದಾಗ ಕಲ್ಲು ಉಕ್ಕನ್ನು ಮೇಲಿನಿಂದ ಕೆಳಕ್ಕೆ ಕೆರೆಯುತ್ತದೆ, ಮುಚ್ಚಳ ಹಾರಿ ತೆರೆದುಕೊಳ್ಳುತ್ತದೆ, ಕಿಡಿ ರಂಜಕಕ್ಕೆ ಬಿದ್ದು ನಳಿಗೆಯ ಕಿವಿಯಿಂದ, ಅಂದರೆ ಪಕ್ಕದ ಸಣ್ಣ ತೂತಿನಿಂದ, ಬೆಂಕಿ ಒಳಗೆ ಹೋಗುತ್ತದೆ. ಕಿಡಿ ಕಲ್ಲಿನದಲ್ಲ, ಕಲ್ಲು ಹೆರೆದು ತೆಗೆದ ಉಕ್ಕಿನ ಚೂರುಗಳು ಉರಿಯುವುದು. ಹಾಗಾಗಿ ಆ ಪಟ್ಟಿ ಸರಿಯಾಗಿ ಹದಗೊಂಡಿರಬೇಕು. ಮೆತ್ತಗಿದ್ದರೆ ಕಲ್ಲು ಗೀರು ಹಾಕುತ್ತದೆಯೇ ಹೊರತು ಕಿಡಿ ಹುಟ್ಟುವುದಿಲ್ಲ.

ನನ್ನ ಪಿಸ್ತೂಲಿನ ರೋಗವೂ ಅದೇ ಆಗಿತ್ತು. ಅಂದ ಹಾಗೆ ಅದು ನಮ್ಮ ದೇಶದ್ದೇ. ಇಲ್ಲಿ ವೇಷ ಕಟ್ಟುವವರಲ್ಲಿ ಬಹಳ ಮಂದಿಯ ಹೆಗಲ ಮೇಲಿರುವ ಕೋವಿಗಳು ಉತ್ತರ ಭಾರತದ ಕಾರ್ಖಾನೆಗಳಿಂದ ಬಂದವು. ಕತ್ತಿಗಳಲ್ಲೂ ಎಷ್ಟೋ ಡೆಹರಾಡೂನಿನವು. ಇಟಲಿಯ ಬ್ರೆಷಿಯಾ ಕಡೆಯ ಕೋವಿಗಳು ಇನ್ನೂ ನಯ, ಬೆಲೆಯೂ ಅಷ್ಟೇ ಏರು. ನಮ್ಮವನ್ನು ಸಾಮಾನ್ಯವಾಗಿ ಕಿವಿ ಕೊರೆಯದೆ ಕಳಿಸುತ್ತಾರೆ. ಕಿವಿ ಇಲ್ಲದ ಕೋವಿ ಬರೀ ಅಲಂಕಾರದ ವಸ್ತು, ಗಡಿ ದಾಟುವುದು ಸುಲಭ. ನಂತರ ಕೆಲಸ ಬಲ್ಲವರು ನಳಿಗೆಯನ್ನೂ ಅದರ ಹಿಂಬದಿಯ ತಿರುಪನ್ನೂ ಪರೀಕ್ಷಿಸಿ ಕೊರೆಯಬೇಕು. ನನ್ನದರ ಮರಗೆಲಸ ಚೆನ್ನಾಗಿತ್ತು, ಹಿತ್ತಾಳೆಯ ಕಟ್ಟು ಚೆನ್ನಾಗಿತ್ತು, ಸೊಂಟಪಟ್ಟಿಗೆ ಸಿಕ್ಕಿಸುವ ಕೊಕ್ಕೆಯೂ ಇತ್ತು. ಉಕ್ಕಿನ ಪಟ್ಟಿಗೆ ಮಾತ್ರ ಹದ ಕೊಡುವುದನ್ನೇ ಯಾರೋ ಮರೆತಿದ್ದರು.

ನಮ್ಮ ತಂಡದ ಹಿರಿಯರೊಬ್ಬರಿಗೆ ಮನೆಯ ಹಿಂದೆ ಕುಲುಮೆ ಇದೆ. ಕೆಲಸ ಕಲಿತದ್ದು ಅವರಲ್ಲಿ. ಪಟ್ಟಿಯನ್ನು ಬಿಚ್ಚಿ, ಮೂಳೆ ಮತ್ತು ಚರ್ಮದ ಇದ್ದಿಲು ತುಂಬಿದ ಕಬ್ಬಿಣದ ಡಬ್ಬಿಯಲ್ಲಿ ಹೂತು, ಸಂದುಗಳಿಗೆ ಜೇಡಿ ಮೆತ್ತಿ, ಕೆಂಡದಲ್ಲಿ ಗಂಟೆಗಟ್ಟಲೆ ಕೆಂಪಗೆ ಕಾಯಿಸಿದೆವು. ಇದ್ದಿಲಿನ ಇಂಗಾಲ ಕಬ್ಬಿಣದ ಮೈಗೆ ಇಳಿಯುವುದಕ್ಕೆ ಅಷ್ಟು ಹೊತ್ತು ಬೇಕು. ಆಮೇಲೆ ಡಬ್ಬಿಯ ಬಾಯಿ ತೆರೆದು ನೇರವಾಗಿ ನೀರಿಗೆ ಸುರಿದೆವು. ತೆಗೆದು ನೋಡಿದರೆ ಮೈಯೆಲ್ಲ ಬೂದು ಬಣ್ಣ, ಅಂಚಿನಲ್ಲಿ ನೀಲಿ ಹೊಗರು. ಅರ ಇಟ್ಟು ಉಜ್ಜಿದರೆ ಅರ ಹಿಡಿಯದೆ ಜಾರಿತು. ಗಟ್ಟಿಯಾಗಿದೆ ಎಂಬುದಕ್ಕೆ ಅದೇ ಪರೀಕ್ಷೆ. ಹಾಗೆಯೇ ಬಿಟ್ಟರೆ ಬುಡದಲ್ಲಿ ಬಿರುಕು ಬಿಡುತ್ತದೆ ಎಂದು ಬುಡವನ್ನಷ್ಟೇ ಮತ್ತೆ ಮೆಲ್ಲಗೆ ಕಾಯಿಸಿ ಒಣಹುಲ್ಲಿನ ಬಣ್ಣ ಬಂದೊಡನೆ ನಿಲ್ಲಿಸಿದರು. ಜೋಡಿಸಿ, ಮದ್ದಿಲ್ಲದೆ, ಕತ್ತಲ ಕೋಣೆಯಲ್ಲಿ ಕೀಲು ಎಳೆದೆ. ಬಟ್ಟಲಿನೊಳಗೆ ಬಿಳಿಯ ಕಿಡಿಗಳು ಬಿದ್ದು, ಬಿದ್ದಲ್ಲಿಯೂ ಒಂದು ಕ್ಷಣ ಸಿಡಿದವು. ನಮ್ಮೂರಿನ ಆಚಾರಿ ನೋಡಿದ್ದರೆ "ಇಷ್ಟಕ್ಕೆ ಇಷ್ಟು ಹೊತ್ತೇ?" ಎನ್ನುತ್ತಿದ್ದರೇನೋ. ನನಗಂತೂ ಆ ವಾರವಿಡೀ ಕಚೇರಿಯ ಕೆಲಸ ಸಪ್ಪೆ ಎನಿಸಿತು.

ಆಯಿ, ಇದು ನಿನಗಾಗಿ. ನಮ್ಮ ಮೈದಾನದಲ್ಲಿ ಗುಂಡು ಎಂಬುದೇ ಇಲ್ಲ. ಕಾಗದದ ಸುರುಳಿಯಲ್ಲಿ ಮೊದಲೇ ಅಳೆದು ಕಟ್ಟಿದ ಮದ್ದು ಮಾತ್ರ. ಅದನ್ನು ಸುರಿದ ಮೇಲೆ ನಾರು, ಕಾಗದ ಏನನ್ನೂ ತುರುಕುವಂತಿಲ್ಲ, ಮದ್ದು ಇಡಿಯುವ ಸರಳಾದ ಗಜವನ್ನು ಮುಟ್ಟುವಂತಿಲ್ಲ. ಯಾರ ಮೈಯ ಕಡೆಗೂ ಗುರಿ ಹಿಡಿಯುವಂತಿಲ್ಲ. ಬಟ್ಟಲಿನ ಪಕ್ಕಕ್ಕೆ ಹಿತ್ತಾಳೆಯ ತಗಡು ಇರುತ್ತದೆ, ಪಕ್ಕದವರ ಮುಖಕ್ಕೆ ಬೆಂಕಿ ಹಾರದಿರಲಿ ಎಂದು. ಹಾರಿಸದ ಹೊತ್ತಿನಲ್ಲಿ ಉಕ್ಕಿನ ಪಟ್ಟಿಗೆ ಚರ್ಮದ ಗವಸು. ಪ್ರತಿ ಪ್ರದರ್ಶನಕ್ಕೂ ಮೊದಲು ಒಬ್ಬ ತಪಾಸಣೆಗಾರ ನಳಿಗೆಯೊಳಗೆ ಗಜ ಬಿಟ್ಟು ತಳಕ್ಕೆ ಬಡಿದ ಸದ್ದು ಕೇಳುತ್ತಾನೆ: ಟಣ್ ಎಂದರೆ ಖಾಲಿ. ಕುದುರೆಯನ್ನು ಅರ್ಧಕ್ಕೆ ಎಳೆದು, ಕೀಲಿಗೆ ಬೆರಳು ಕೊಟ್ಟು ಇಡೀ ಪಿಸ್ತೂಲನ್ನು ಎತ್ತಿ ನೋಡುತ್ತಾನೆ. ಕುದುರೆ ಕಳಚಿದರೆ ಆ ದಿನ ಆ ಪಿಸ್ತೂಲು ಪೆಟ್ಟಿಗೆಗೆ. ಮದ್ದು ಹತ್ತದಿದ್ದರೆ ಬಾಯಿ ಮೇಲಕ್ಕೆ ಹಿಡಿದು ಕಾಯಬೇಕು, ಬಗ್ಗಿ ನೋಡುವ ಹಾಗಿಲ್ಲ. ಕತ್ತಿಗಳ ಬಾಯಿಯನ್ನು ಉಜ್ಜಿ ಗುಂಡಗೆ ಮಾಡಿರುತ್ತೇವೆ. ನಿನ್ನ ಅಡುಗೆಮನೆಯ ಮೆಟ್ಟುಗತ್ತಿಗೆ ಹೋಲಿಸಿದರೆ ನನ್ನ ಮಚ್ಚು ಪರಮ ಸಾಧು.

ಸಾಧುವಾದರೂ ಸೇವೆ ಕೇಳುತ್ತದೆ. ಕತ್ತಿಗೆ ಕತ್ತಿ ತಾಗಿದಲ್ಲೆಲ್ಲ ಅಂಚಿನಲ್ಲಿ ಮುಳ್ಳು ಏಳುತ್ತದೆ, ಸಂಜೆಗೇ ಅರ ಹಿಡಿದು ಅದನ್ನು ಸವೆಸದಿದ್ದರೆ ಮರುದಿನ ಯಾರದೋ ಅಂಗೈ ಸೀಳುತ್ತದೆ. ಕಡಲಗಾಳಿಯ ಉಪ್ಪು, ಕೈಯ ಬೆವರು ಎರಡೂ ಉಕ್ಕಿಗೆ ವೈರಿಗಳು. ಒರೆಸಿ, ತೆಳುವಾಗಿ ಎಣ್ಣೆಯನ್ನೋ ಮೇಣವನ್ನೋ ಸವರುತ್ತೇನೆ. ಚರ್ಮದ ಒರೆಯಲ್ಲಿಟ್ಟು ಮರೆತರಂತೂ ಮುಗಿಯಿತು. ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದ ರಸಾಯನವೂ ಅದರಲ್ಲೇ ಇರುತ್ತದೆ, ಮಳೆಗಾಲ ಮುಗಿಯುವುದರೊಳಗೆ ಕತ್ತಿಗೆ ಗುಳಿ ಬಿದ್ದಿರುತ್ತದೆ. ಪಿಸ್ತೂಲಿನ ಹಿಡಿಯ ಮರಕ್ಕೆ ಅಗಸೆ ಎಣ್ಣೆ. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಮದ್ದಿಗಿಂತ ಆ ಬಟ್ಟೆಗೇ ನಾನು ಹೆಚ್ಚು ಹೆದರುತ್ತೇನೆ, ಹರವಿ ಒಣಗಿಸಿಯೇ ಬಿಸಾಡುತ್ತೇನೆ.

ಕರಿಮದ್ದಿನ ಮಸಿಯನ್ನು ಅಪ್ಪಯ್ಯ ಬಲ್ಲರು. ಅದು ಗಾಳಿಯ ನೀರನ್ನು ಹೀರಿ ರಾತ್ರಿ ಕಳೆಯುವುದರೊಳಗೆ ನಳಿಗೆಯನ್ನು ತಿನ್ನಲು ತೊಡಗುತ್ತದೆ. ಎಣ್ಣೆ ಹಾಕಿದರೆ ಹೋಗದು, ಬಿಸಿನೀರು ಮತ್ತು ಸೋಪೇ ಬೇಕು. ಕೊಳೆತ ಮೊಟ್ಟೆಯ ನಾತ ಹೊಡೆಯುವ ಕಪ್ಪುನೀರು ತಿಳಿಯಾಗುವ ತನಕ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ. ಎಲ್ಲರೂ ಊಟಕ್ಕೆ ಕುಳಿತಾಗ ನಾನು ಬಕೆಟ್ ಮುಂದೆ ಕುಳಿತಿರುತ್ತೇನೆ. ನಿಜವಾದ ಕಡಲ್ಗಳ್ಳರೂ ಇದನ್ನು ಬಿಟ್ಟಿರಲಿಲ್ಲ. 1722ರಲ್ಲಿ ಸತ್ತ ಬಾರ್ತೊಲೊಮ್ಯು ರಾಬರ್ಟ್ಸನ ಹಡಗಿನ ಕಟ್ಟಳೆಗಳು ಅಚ್ಚಾಗಿ ಉಳಿದಿವೆ: ಪ್ರತಿಯೊಬ್ಬನೂ ತನ್ನ ಕೋವಿ, ಪಿಸ್ತೂಲು, ಕತ್ತಿಗಳನ್ನು ಶುಚಿಯಾಗಿ, ಕೆಲಸಕ್ಕೆ ಸಿದ್ಧವಾಗಿ ಇಟ್ಟಿರಬೇಕು. ಜಾನ್ ಫಿಲಿಪ್ಸ್ ಎಂಬವನ ಹಡಗಿನಲ್ಲಿ ಆಯುಧ ಕೊಳೆ ಹಿಡಿಸಿದವನಿಗೆ ಲೂಟಿಯ ಪಾಲೇ ಇಲ್ಲ. ಒಂದು ಗುಂಡಿಗೆ ಒಂದು ಪಿಸ್ತೂಲು, ಮತ್ತೆ ತುಂಬಲು ಹೊತ್ತಿಲ್ಲ, ಮೇಲೆ ನೀರು ಚಿಮ್ಮುತ್ತಿರುತ್ತದೆ. ಕೊಳೆ ಕೂತ ಪಿಸ್ತೂಲು ಅಲ್ಲಿ ಬರೀ ದೊಣ್ಣೆ. ಆಯಿಗೆ ಇಷ್ಟವಾಗುವ ಕಟ್ಟಳೆಯೂ ರಾಬರ್ಟ್ಸನದರಲ್ಲಿದೆ: ರಾತ್ರಿ ಎಂಟಕ್ಕೆ ದೀಪ ಆರಿಸಬೇಕು, ಹಣ ಕಟ್ಟಿ ಜೂಜು ಆಡಬಾರದು.

ಸಂಗ್ರಹ ಎಂದು ಹೇಳಿಕೊಳ್ಳಲು ನನ್ನಲ್ಲಿರುವ ಅಸಲಿ ಹಳೆಯ ವಸ್ತು ಒಂದೇ, ಕೋವಿಯಿಂದ ಕಳಚಿದ ಒಂದು ಚಕಮಕಿ ಯಂತ್ರ. ಅದರ ಫಲಕದ ಮೇಲೆ ಮುಂಗಾಲೆತ್ತಿ ನಿಂತ ಸಿಂಹ, ಈಸ್ಟ್ ಇಂಡಿಯಾ ಕಂಪನಿಯ ಗುರುತು. ಕಡಲ್ಗಳ್ಳರ ಕಾಲ ಮುಗಿದು ಎಷ್ಟೋ ದಶಕಗಳ ನಂತರದ್ದು, ವೇಷಕ್ಕೆ ಬಾರದು. ಅದನ್ನು ಉಜ್ಜಿ ಹೊಳೆಯಿಸುವುದಿಲ್ಲ. ಕಂದು ಬಣ್ಣ ಹಾಗೆಯೇ ಇರಬೇಕು, ಮೇಣ ಮಾತ್ರ ಸವರುತ್ತೇನೆ. ಹೊಳೆಯಿಸಿದ ಹಳೆಯ ಆಯುಧವನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಂಪನಿ ಎಂದಾಗ ನೆನಪಾಯಿತು. ಕ್ಯಾಪ್ಟನ್ ಕಿಡ್ ಎಂಬವನ ಹೆಸರು ಇಲ್ಲಿ ಮಕ್ಕಳಿಗೂ ಗೊತ್ತು. ಕಡಲ್ಗಳ್ಳರನ್ನು ಹಿಡಿಯಲು ಹೊರಟು ತಾನೇ ಕಡಲ್ಗಳ್ಳನೆನಿಸಿಕೊಂಡು, 1701ರಲ್ಲಿ ಲಂಡನ್ನಿನಲ್ಲಿ ನೇಣಿಗೇರಿದವನು. ಅವನ 'ಅಡ್ವೆಂಚರ್ ಗ್ಯಾಲಿ' 1697ರ ಸೆಪ್ಟೆಂಬರಿನಲ್ಲಿ ನೀರು, ಕಟ್ಟಿಗೆ ತುಂಬಿಕೊಳ್ಳಲು ಬಂದು ನಿಂತದ್ದು ನಮ್ಮ ಕಾರವಾರದಲ್ಲಿ. ಅಲ್ಲಿನ ಕಂಪನಿ ಕೋಠಿಯವರು ಹಡಗಿಗೆ ಹೋಗಿ ಅವನನ್ನು ಕಂಡರು. ಅವನ ಜತೆ ಬಾಳಲಾರೆವೆಂದು ಕೆಲವು ನಾವಿಕರು ಅಲ್ಲಿಯೇ ಇಳಿದು ಓಡಿಹೋದರು. ಇದನ್ನು ತಂಡದವರಿಗೆ ಹೇಳಿದಂದಿನಿಂದ ನನಗೆ ಸ್ವಲ್ಪ ಮರ್ಯಾದೆ ಹೆಚ್ಚಿದೆ. ಕಾರವಾರದಲ್ಲಿ ಹೂತಿಟ್ಟ ನಿಧಿ ಇದೆಯೇ ಎಂದು ಒಬ್ಬರು ಕೇಳಿದರು. ಬಂಗಡೆ ಮೀನು ಇದೆ ಎಂದೆ.

ಅಪ್ಪಯ್ಯ, ಒಂದು ಕೆಲಸ. ಈ ಸಲದ ಆಯುಧಪೂಜೆಗೆ ಅಜ್ಜನ ಕೋವಿಯನ್ನು ಕೆಳಗಿಳಿಸುತ್ತೀರಲ್ಲ, ನಳಿಗೆಯ ಬುಡದಲ್ಲಿ ಅಥವಾ ಕುದುರೆಯ ಪಕ್ಕದ ಫಲಕದಲ್ಲಿ ಅಕ್ಷರ, ಗುರುತು ಏನಾದರೂ ಇದ್ದರೆ ತಮ್ಮನಿಂದ ಫೋಟೋ ತೆಗೆಸಿ ಕಳಿಸಿ. ಕುಂಕುಮ ಹಚ್ಚುವ ಮೊದಲು ತೆಗೆಯಲಿ. ಅದಕ್ಕೂ ಮೊದಲು ಕೇಪು ಇದ್ದರೆ ತೆಗೆದು, ಬಾಯಿಯನ್ನು ಯಾರೂ ಇಲ್ಲದ ಕಡೆಗೆ ಹಿಡಿದು, ಗಜವನ್ನು ತಳದವರೆಗೆ ಇಳಿಸಿ ಬಾಯಿಯ ಮಟ್ಟಕ್ಕೆ ಗುರುತು ಮಾಡಿ. ಅದೇ ಗಜವನ್ನು ಹೊರಗಡೆ ನಳಿಗೆಯ ಮೇಲಿಟ್ಟು ನೋಡಿ. ತುದಿ ಕೇಪು ಕೂರುವ ಜಾಗದ ಹತ್ತಿರಕ್ಕೆ ಬಂದರೆ ಖಾಲಿ; ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಹಳೆಯ ಮದ್ದು ಕುಳಿತಿದೆ ಎಂದು ಅರ್ಥ. ಹಾಗಾದರೆ ಯಾರೂ ಕೆದಕುವುದು ಬೇಡ, ಕೋವಿ ರಿಪೇರಿ ಮಾಡುವವರ ಕೈಗೇ ಕೊಡಿ.

ಆಯಿ, ಮಾವಿನಮಿಡಿ ಉಪ್ಪಿನಕಾಯಿ ಕಳಿಸುವುದಾದರೆ ಎರಡು ಪ್ಲಾಸ್ಟಿಕ್ ಕವರು ಹಾಕಿಸು.

ಇಂತಿ ನಿಮ್ಮ ಪ್ರೀತಿಯ ಮಗಳು