ಅವ್ವಗ, ಅಪ್ಪನ ಕೆಮ್ಮಿನ ಸಲುವಾಗಿ

ಎಡಿನ್‌ಬರೋ
ಮಂಗಳವಾರ ರಾತ್ರಿ

ಅವ್ವಗ ಭಾಗುನ ನಮಸ್ಕಾರ.

ನಾ ಆರಾಮ ಇದ್ದೀನಿ. ನೀವೂ ಆರಾಮ ಇರಬೇಕು ಅಂತ ಬರಿಲಾಕ ಮಲ್ಲಿ ಪತ್ರ ಓದಿದ ಮ್ಯಾಲ ಕೈ ಬರವಲ್ದು. ಅಪ್ಪ ಮೂರು ತಿಂಗಳಿಂದ ಕೆಮ್ಮಲಾಕತ್ತಾನ, ಮಾಳಗಿ ಹತ್ತಿದ್ರ ದಮ್ಮು ಹತ್ತತದ ಅಂತ ನನಗ ಯಾಕ ಹೇಳಲಿಲ್ಲ? ಫೋನ್ ಮಾಡಿದ್ರ ಅವ "ಏನಿಲ್ಲವಾ, ಥಂಡಿ" ಅಂದು ಎಮ್ಮಿ ಸುದ್ದಿ ತೆಗಿತಾನ. ಅದಕ್ಕೇ ಬರಿಲಾಕತ್ತೀನಿ. ಮಲ್ಲಿ, ಗಟ್ಟಿಯಾಗಿ ಓದು, ನಡುವ ಬಿಡಬ್ಯಾಡ.

ಹೋದ ವಾರ ಕ್ಲಾಸಿನಾಗ ಹನ್ನೆರಡು ಕಲ್ಲು ಇಟ್ಟು, ಬಣ್ಣ ನೋಡಬ್ಯಾಡ್ರಿ, ಹರಳು ನೋಡ್ರಿ ಅಂದ್ರು. ಕಣ್ಣಿಗೆ ಕಾಣೋ ಹರಳು ಒಂದಕ್ಕೊಂದು ಹಲ್ಲು ಕಚ್ಚಿದಂಗ ಕೂತಿದ್ರ ನೆಲದ ಆಳದಾಗ ನಿಧಾನ ಆರಿದ್ದು, ನಮ್ಮ ಯಾದಗಿರಿ ಗುಡ್ಡದ ಗ್ರಾನೈಟ್‌ನಂಗ. ಹರಳೇ ಕಾಣದ ಕರಿಕಲ್ಲು ಲಾವಾ ಮ್ಯಾಲ ಬಂದು ಲಗೂನ ಆರಿದ್ದು, ಆಳಂದ ಕಡಿ ಇರೋದು ಅದೇ. ಹರಳೇ ಪಟ್ಟಿ ಪಟ್ಟಿಯಾಗಿ ಕೂತಿದ್ರ ಬಿಸಿಗೆ, ಒತ್ತಡಕ್ಕ ಸಿಕ್ಕು ರೂಪ ಬದಲಿಸಿದ್ದು. ಒಂದು ಬೂದಿ ಬಣ್ಣದ ಕಲ್ಲಿಗೆ ಎಲ್ಲಾರೂ ಭೂತಕನ್ನಡಿ ಹಿಡಿದು ಕೂತ್ರು. ನಾ ಬೆರಳಾಡಿಸಿ ಸುಣ್ಣದಕಲ್ಲು ಅಂದುಬಿಟ್ಟೆ. ಆಸಿಡ್ ಹನಿ ಬಿದ್ದಿದ್ದೇ ಬುಸುಬುಸು ನೊರಿ! ಹೆಂಗ ಗೊತ್ತಾತು ಅಂತ ಸರ್ ಕೇಳಿದ್ರ, ನಮ್ಮ ನೆಲಕ್ಕ ಹಾಸೋ ಶಹಾಬಾದ್ ಫರ್ಸಿನೂ ಸುಣ್ಣದಕಲ್ಲೇ, ಅದರ ಮ್ಯಾಲೇ ಅಂಬೆಗಾಲು ಇಟ್ಟಾಕಿ ನಾ ಅಂದೆ. ಅವರಿಗೆ ತಿಳಿಲಿಲ್ಲ, ಇರಲಿ.

ಇಲ್ಲಿ ಊರ ನಡುವ ಸಾಲಿಸ್‌ಬರಿ ಕ್ರ್ಯಾಗ್ಸ್ ಅಂತ ಗುಡ್ಡ ಅದ. ಮೊದಲು ಖಣಿ ಇತ್ತು, ಬೀದಿಗೆ ಹಾಸ್ಲಾಕ ಕಲ್ಲು ಒಡಿತಿದ್ರು. ಈಗ ಜನ ದೂರದಿಂದ ಬಂದು ಆ ಹಳೇ ಖಣಿ ಮುಂದ ನಿಂತು ಫೋಟೋ ತೆಗಿಸ್ಕೋತಾರ. ಅಪ್ಪಗ ಹೇಳು, ನಗ್ತಾನ. ಜೇಮ್ಸ್ ಹಟನ್ ಅಂಬಾವ ಅಲ್ಲೇ ಕಲ್ಲು ನೋಡಿದ್ದು. ಅವ ಡಾಕ್ಟರಿಕೆ ಓದಿದಾವ, 1749ರಾಗ ರಕ್ತ ಹೆಂಗ ತಿರುಗತದ ಅಂತ ಪ್ರಬಂಧ ಬರ್ದಿದ್ದ. ಆಮ್ಯಾಲ ಒಕ್ಕಲುತನ ಹಿಡಿದ. ಮಳಿಗೆ ಹೊಲದ ಮಣ್ಣು ಕೊಚ್ಚಿ ಹೋಗೋದು ನೋಡಿ, ಎಲ್ಲಾ ಸಮುದ್ರ ಸೇರಿದ್ರ ನೆಲ ಯಾಕ ತೀರಿಲ್ಲ ಅಂತ ತಲಿ ಕೆಡಿಸ್ಕೊಂಡ. ಸಮುದ್ರದ ತಳದಾಗ ಮಣ್ಣೇ ಕಲ್ಲಾಗಿ, ಬಿಸಿಗೆ ಮ್ಯಾಲ ಎದ್ದು, ಮತ್ತ ಗುಡ್ಡ ಆಗಿ ಸವಿತದ ಅಂತ 1785ರಾಗ ಹೇಳಿದ.

ಇಷ್ಟೆಲ್ಲಾ ಯಾಕ ಹೇಳಿದೆ ಅಂದ್ರ, ಈ ತಿರುಗಾಟದಾಗ ಗ್ರಾನೈಟ್ ಸವೆದ್ರ ಬಾಕಿ ಹರಳು ಮಣ್ಣಾಗತಾವ, ಬೆಣಚು ಅಂಬೋ ಗಾಜಿನಂಥ ಗಟ್ಟಿ ಹರಳು ಮಾತ್ರ ಉಸುಕಾಗಿ ಹಂಗೇ ಉಳಿತದ. ಮಳಿ, ಬಿಸಲು ಏನೂ ಮಾಡಂಗಿಲ್ಲ. ಸರ್ ಇದನ್ನ ಹೇಳಿದಾಗ ನನಗ ಅಪ್ಪನ ಕೆಮ್ಮು ನೆನಪಾತು. ಫರ್ಸಿ ಖಣ್ಯಾಗ ಇದ್ದಾಗ ಅವಂದು ಸುಣ್ಣದ ದೂಳು. ಟೈಲ್ಸ್ ಬಂದು ಫರ್ಸಿ ಕೇಳೋರು ಕಮ್ಮಿ ಆದ್ರು ಅಂತ ಆರು ವರ್ಷದಿಂದ ಗ್ರಾನೈಟ್ ಕೊಯ್ಲಾಕ ಹೊಂಟಾನಲ್ಲ, ಅದರಾಗ ನೂರಕ್ಕ 20ಕ್ಕೂ ಹೆಚ್ಚು ಪಾಲು ಬೆಣಚೇ. ಮೈಮ್ಯಾಲ ಬೆಳ್ಳಗ ಕಾಣೋ ದೂಳಲ್ಲ ಅವ್ವಾ, ಕಣ್ಣಿಗೆ ಕಾಣದ್ದು ಪುಪ್ಪುಸದ ತಳಕ್ಕ ಇಳಿತದ. ಒಳಗ ಕರಗಂಗಿಲ್ಲ, ಅಲ್ಲೇ ಕೂತು ಪುಪ್ಪುಸ ಕೆಡಿಸತದ. ಟವೆಲ್ ಕಟ್ಟಿದ್ರ ನಿಲ್ಲಂಗಿಲ್ಲ. ಬ್ಯಾಸಗ್ಯಾಗ ನೀರಿಲ್ಲ ಅಂತ ಒಣದೇ ಕೊಯ್ಸತಾರ ಅಂತ ಮಲ್ಲಿ ಬರದಾಳ, ಖರೇನ?

ನೀ ಹೆದರಬ್ಯಾಡ. ಬರೀ ಥಂಡಿ ಇರಬಹುದು. ಥಂಡಿನೇ ಇರ್ತದ. ಆದ್ರೂ ಈ ಸೋಮವಾರ ಕಲಬುರಗಿಗೆ ಕರ್ಕೊಂಡು ಹೋಗಿ ಎದಿ ಎಕ್ಸ್‌ರೇ ತೆಗಿಸ್ರಿ, ಕಫನೂ ಟೆಸ್ಟ್ ಮಾಡಿಸ್ರಿ. ಡಾಕ್ಟರ್ ಮುಂದ ಮೊದಲನೇ ಮಾತು "ಗ್ರಾನೈಟ್ ಕೊಯ್ಯೋ ಕೆಲಸ" ಅಂತ ಆಗಬೇಕು. ಹೇಳದಿದ್ರ ಬರೇ ಟಿಬಿ ಅಂದ್ಕೊಂಡಾರು. ಅಲ್ಲೀತನ ಕೆಲಸಕ್ಕ ಕಳಿಸಬ್ಯಾಡ. ಹದಿನೈದು ಸಾವಿರ ಹಾಕೀನಿ, ಕಾಕಾನ ಹತ್ರ ಕೈ ಚಾಚಬ್ಯಾಡ್ರಿ. ನಂಗೇನೂ ತ್ರಾಸ ಇಲ್ಲ, ಶನಿವಾರ ಹೋಟೆಲಿನಾಗ ತಾಟು ತೊಳಿಲಾಕ ಹೋಗ್ತೀನಿ, ಅಲ್ಲೇ ಊಟ ಕೊಡ್ತಾರ, ರೊಟ್ಟಿ ಬಿಟ್ಟು ಎಲ್ಲಾ ಸಿಗತದ.

ಹೈದರಾಬಾದಿನ ಹುಡುಗಿ ಬ್ಯಾಗ್ ಹಿಡಿದು ಬಾಗಿಲದಾಗ ನಿಂತಾಳ, ಆಕಿ ಕೈಯಾಗೇ ಇದನ್ನ ಕಳಿಸ್ಲಾಕತ್ತೀನಿ. ಎಮ್ಮಿ ಈದ್ರ ಹೇಳು. ಎಕ್ಸ್‌ರೇ ಫೋಟೋ ಅವತ್ತೇ ರಾತ್ರಿ ಕಳಿಸು ಮಲ್ಲಿ, ಅಪ್ಪ ಬ್ಯಾಡ ಅಂದ್ರೂ.

ನಿನ್ನ ಭಾಗು